ಅಗಸಿಗೆ ಎರಡು ಕೀಲಿ

ಬಾದಾಮಿಯ ವಸ್ತುಸಂಗ್ರಹಾಲಯದ ಮಗ್ಗುಲಿನಿಂದ ಉತ್ತರದ ಗುಡ್ಡ ಹತ್ತುವ ದಾರಿಯಲ್ಲಿ ಎರಡೂ ಕಡೆ ಕೆಂಪು ಮರಳುಗಲ್ಲಿನ ಬಂಡೆ ಗೋಡೆಯ ಹಾಗೆ ಎದ್ದು ನಿಂತಿದೆ. ನಡುವೆ ಇಕ್ಕಟ್ಟಾದ ಸಂದು, ಆ ಸಂದಿನಲ್ಲೇ ಬಾಗಿಲು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟವನ್ನು ಕೋಟೆ ಮಾಡಿದನೆಂದು ಅಲ್ಲಿಯ ಬಂಡೆಶಾಸನ ಹೇಳುತ್ತದೆ. ಮೂರು ದಿಕ್ಕನ್ನು ಕಲ್ಲೇ ಕಾಯುವಾಗ ಮನುಷ್ಯ ಕಾಯಬೇಕಾದದ್ದು ಸಂದನ್ನು ಮಾತ್ರ. ಬಾಗಲಕೋಟೆ ಸೀಮೆಯ ಹಳ್ಳಿಗಳ ಅಗಸಿಯದೂ ಇದೇ ಲೆಕ್ಕ. ಹೋಗಿಬರುವವರೆಲ್ಲ ಒಂದೇ ಬಾಗಿಲಲ್ಲಿ ಹಾಯಲಿ, ಕತ್ತಲಾದ ಮೇಲೆ ಆ ಬಾಗಿಲಿಗೆ ಅಗಳಿ ಬೀಳಲಿ, ಮುಂದೆ ತಳವಾರ ಕೂತಿರಲಿ. ಈ ವ್ಯವಸ್ಥೆಯಲ್ಲಿ ಅನುಕೂಲವೂ ಅಪಾಯವೂ ಒಂದೇ ಕಡೆ ಇರುತ್ತವೆ. ಅಗಸಿ ಗಟ್ಟಿಯಿದ್ದರೆ ಊರೆಲ್ಲ ನಿಶ್ಚಿಂತೆ; ಅಗಸಿ ಸಡಿಲಾದರೆ ಪ್ರತಿ ಮನೆಯೂ ತನ್ನ ಕದ ತಾನೇ ಕಾಯಬೇಕು.

ನವನಗರದ ಸಹಕಾರಿ ಬ್ಯಾಂಕು, ಹುನಗುಂದದ ಕಚೇರಿ, ಇಳಕಲ್ಲಿನ ಗ್ರಾನೈಟ್ ರಫ್ತಿನ ಸಂಸ್ಥೆ, ಬಾದಾಮಿಯ ಹೋಟೆಲ್ಲು, ಜಿಲ್ಲೆಯ ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಇವತ್ತು ಇಂಥದೊಂದು ಅಗಸಿ ಇದೆ. ಮೂಲೆಯ ಕಪಾಟಿನಲ್ಲೋ ಮೇಜಿನ ಕೆಳಗೋ ಹಸಿರು ದೀಪ ಮಿನುಗಿಸುತ್ತ ಕೂತ ಒಂದು ಚಪ್ಪಟೆ ಡಬ್ಬಿ ಅದು. ಮಾಡುವ ಕೆಲಸಕ್ಕೆ ತಕ್ಕಂತೆ ಫೈರ್‌ವಾಲ್, ವಿಪಿಎನ್, ಲೋಡ್ ಬ್ಯಾಲೆನ್ಸರ್ ಎಂದೆಲ್ಲ ಹೆಸರು, ಒಟ್ಟಾರೆ ಗೇಟ್‌ವೇ. ಒಳಗಿನ ಕಂಪ್ಯೂಟರುಗಳ ಜಾಲ ಹೊರಗಿನ ಇಂಟರ್‌ನೆಟ್ಟಿಗೆ ಕೂಡುವುದು ಈ ಡಬ್ಬಿಯಲ್ಲಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಒಡಲು ಎಷ್ಟೇ ಒಳ್ಳೆಯ ನೂಲಿನದಿರಲಿ, ಸೆರಗು ಎಷ್ಟೇ ರೇಷ್ಮೆಯದಿರಲಿ, ಆ ಕೂಡಿಕೆ ಬಿಟ್ಟರೆ ಸೀರೆ ಎರಡು ತುಂಡು. ಗೇಟ್‌ವೇ ಅಂಥ ಕೂಡಿಕೆ. ಶಾಖೆಯಿಂದ ಮುಖ್ಯ ಕಚೇರಿಗೆ ಹೋಗುವ ಖಾತೆಯ ವಿವರವನ್ನು ಬೇರೆಯವರು ಓದಲಾಗದಂತೆ ಗೂಢಲಿಪಿಗೆ ಇಳಿಸುವುದೂ, ಬಂದ ಗೂಢಲಿಪಿಯನ್ನು ಬಿಡಿಸುವುದೂ ಇಲ್ಲೇ. ಇದಕ್ಕೇ ಎನ್‌ಕ್ರಿಪ್ಷನ್ ಎನ್ನುವುದು. ಇಲ್ಲಿ ಎನ್‌ಕ್ರಿಪ್ಷನ್ ದುರ್ಬಲವಾಗಿದ್ದರೆ ಒಳಗೆ ಎಂಥ ದುಬಾರಿ ಕಂಪ್ಯೂಟರಿದ್ದರೂ ಅದರಿಂದ ಏನೂ ಒದಗಿಬರುವುದಿಲ್ಲ.

ದುರ್ಬಲ ಎನ್‌ಕ್ರಿಪ್ಷನ್ ಎಂದೊಡನೆ ಹೊಸ ಕೀಲಿ ತಂದು ಹಾಕಿದರಾಯಿತು ಎಂದು ತೋರುವುದು ಸಹಜ. ಹೆಚ್ಚಿನ ಕಡೆ ಹೊಸ ಕೀಲಿ ಹಾಕಿಯೂ ಆಗಿರುತ್ತದೆ. ಪಕ್ಕದಲ್ಲಿ ಹಳೆಯದೂ ನೇತಾಡುತ್ತಿರುತ್ತದೆ. ಹೊಸದನ್ನು ಸೇರಿಸಿದರೆ ದುರಸ್ತಿ ಆಗಲಿಲ್ಲ, ಹಳೆಯದನ್ನು ಕಿತ್ತಾಗಲೇ ದುರಸ್ತಿ ಎಂಬುದು ಈ ಬರಹದ ವಾದ. ಅದು ಯಾಕೆಂದು ತಿಳಿಯಬೇಕಾದರೆ ಎರಡು ಯಂತ್ರಗಳು ಗುಟ್ಟಿನ ಮಾತಿಗೆ ಮೊದಲು ಏನು ಮಾಡುತ್ತವೆಂದು ನೋಡಬೇಕು. ನಮ್ಮ ದನದ ಸಂತೆಯಲ್ಲಿ ದಲಾಲರು ಎಲ್ಲರೆದುರಿಗೇ ನಿಂತು, ಕೈಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ರೇಟು ಕುದುರಿಸುತ್ತಾರೆ. ಸುತ್ತ ನೂರು ಜನರಿದ್ದರೂ ರೇಟು ಆ ಇಬ್ಬರಿಗೇ ಗೊತ್ತು. ಗೇಟ್‌ವೇ ಮಾಡುವುದೂ ಇದನ್ನೇ. ಸಂಪರ್ಕ ಶುರುವಾಗುವಾಗ ಈಚೆಯ ಕಂಪ್ಯೂಟರು ತನಗೆ ಬರುವ ಪದ್ಧತಿಗಳ ಪಟ್ಟಿ ಒಪ್ಪಿಸುತ್ತದೆ. ಗೇಟ್‌ವೇ ಅದರಲ್ಲೊಂದನ್ನು ಆರಿಸುತ್ತದೆ. ಆಮೇಲೆ ಟವೆಲಿನ ಕೆಳಗಿನ ಮಾತು. ಆದರೆ ಆ ಮೊದಲ ಆಯ್ಕೆ ನಡೆಯುವುದು ಟವೆಲ್ ಹೊದಿಸುವ ಮುಂಚೆ. ನಡುವೆ ನಿಂತ ಕಿಡಿಗೇಡಿಯೊಬ್ಬ ಇತ್ತ ತಿರುಗಿ ‘ಅವಗ ಬೆರಳಿನ ಲೆಕ್ಕ ಬರೂದಿಲ್ಲ, ಬಾಯಿಲೇ ಹೇಳು’ ಎಂದು, ಅತ್ತ ತಿರುಗಿಯೂ ಅದನ್ನೇ ಅಂದರೆ, ಇಬ್ಬರಿಗೂ ಬೆರಳಿನ ಲೆಕ್ಕ ಚೆನ್ನಾಗಿ ಬರುತ್ತಿದ್ದರೂ ರೇಟು ಬಯಲಾಗುತ್ತದೆ. ಬಾಯಿಲೆಕ್ಕಕ್ಕೆ ಯಾರೂ ಒಪ್ಪದಿದ್ದರೆ ಮಾತ್ರ ಅವನ ಆಟ ನಡೆಯದು. ಹಳೆಯ ಪದ್ಧತಿಯನ್ನು ‘ಇರಲಿ ಬಿಡು’ ಎಂದು ಉಳಿಸಿಕೊಂಡ ಗೇಟ್‌ವೇ ಬಾಯಿಲೆಕ್ಕಕ್ಕೆ ಒಪ್ಪಿಕೊಂಡ ದಲಾಲ.

ಇದು ಬರಿ ಊಹೆಯಲ್ಲ. 1990ರ ದಶಕದಲ್ಲಿ ಗಟ್ಟಿ ಎನ್‌ಕ್ರಿಪ್ಷನ್ ಹೊರದೇಶಕ್ಕೆ ಹೋಗಬಾರದೆಂದು ಅಮೆರಿಕ ನಿರ್ಬಂಧ ಹಾಕಿತ್ತು. ಹಾಗಾಗಿ ತಂತ್ರಾಂಶ ಬರೆಯುವವರು 512 ಬಿಟ್‌ನ ಸಣ್ಣ ಕೀಲಿಕೈ ಬಳಸುವ ‘ರಫ್ತು ದರ್ಜೆ’ಯ ಪದ್ಧತಿಯನ್ನೂ ಸೇರಿಸಿ ಬರೆದರು. 2000ನೇ ಇಸವಿಯ ಹೊತ್ತಿಗೆ ನಿರ್ಬಂಧ ಸಡಿಲಾಯಿತು. ಪದ್ಧತಿ ಮಾತ್ರ ಡಬ್ಬಿಗಳ ಹೊಟ್ಟೆಯಲ್ಲಿ ಉಳಿಯಿತು. ಅದನ್ನು ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ. 2015ರ ಮಾರ್ಚ್‌ನಲ್ಲಿ ‘ಫ್ರೀಕ್’ ಎಂಬ ದೋಷ ಬೆಳಕಿಗೆ ಬಂತು: ನಡುವೆ ನಿಂತವನು ಸಂಪರ್ಕವನ್ನು ಆ ರಫ್ತು ದರ್ಜೆಗೆ ಇಳಿಸಬಹುದಿತ್ತು. ಇಳಿಸಿದ ಮೇಲೆ 512 ಬಿಟ್‌ನ ಕೀಲಿಕೈ ಒಡೆಯಲು ಬಾಡಿಗೆ ಕಂಪ್ಯೂಟರುಗಳಲ್ಲಿ ಬೇಕಾದದ್ದು ಏಳೆಂಟು ತಾಸು, ಸುಮಾರು ನೂರು ಡಾಲರು. ಅದೇ ವರ್ಷದ ಮೇ ತಿಂಗಳಲ್ಲಿ ‘ಲಾಗ್‌ಜಾಮ್’ ಬಂತು. ಅದೂ ರಫ್ತು ಕಾಲದ್ದೇ ಅವಶೇಷ. ಅದನ್ನು ಕಂಡುಹಿಡಿದ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು. ಬಹಳ ಕಡೆ ಬಳಕೆಯಲ್ಲಿದ್ದ 1024 ಬಿಟ್‌ನ ಒಂದೇ ಒಂದು ಅವಿಭಾಜ್ಯ ಸಂಖ್ಯೆಯ ಮೇಲೆ ದೊಡ್ಡ ಸರ್ಕಾರವೊಂದು ಸಾಕಷ್ಟು ಲೆಕ್ಕಾಚಾರ ಸುರಿದರೆ, ಲೋಕದ ವಿಪಿಎನ್ ಸರ್ವರುಗಳಲ್ಲಿ ಶೇ. 66ರಷ್ಟರ ಮಾತು ಕದ್ದು ಕೇಳಬಹುದು ಎಂದು. 2016ರ ಮಾರ್ಚ್‌ನಲ್ಲಿ ‘ಡ್ರೌನ್’. ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಪದ್ಧತಿಯ 1995ರ ಎರಡನೆಯ ಆವೃತ್ತಿಯನ್ನು ಯಾವ ಬ್ರೌಸರೂ ಬಳಸುತ್ತಿರಲಿಲ್ಲ, ಆದರೆ ಸರ್ವರುಗಳಲ್ಲಿ ಅದು ಚಾಲೂ ಇತ್ತು. ಬಳಸದಿದ್ದರೂ ಚಾಲೂ ಇತ್ತೆಂಬ ಒಂದೇ ಕಾರಣಕ್ಕೆ, ಅದೇ ಕೀಲಿಕೈಯಿಂದ ನಡೆಯುತ್ತಿದ್ದ ಹೊಸ ಪದ್ಧತಿಯ ಸಂಪರ್ಕವನ್ನೂ ಒಡೆಯಬಹುದಾಗಿತ್ತು. ಆಗಿನ ಎಚ್‌ಟಿಟಿಪಿಎಸ್ ಸರ್ವರುಗಳಲ್ಲಿ ಮೂರನೇ ಒಂದು ಪಾಲು ಈ ಅಪಾಯಕ್ಕೆ ತೆರೆದುಕೊಂಡಿದ್ದವು. ಮೂರು ಕಡೆಯೂ ಹೊಸ ಕೀಲಿ ಇತ್ತು, ಕೆಡಿಸಿದ್ದು ಹಳೆಯದು.

ಗೇಟ್‌ವೇ ಡಬ್ಬಿಗಳಿಗೆ ಇನ್ನೊಂದು ರೋಗವೂ ಅಂಟಿಕೊಂಡಿದೆ. ಬ್ರೌಸರು ತಾನಾಗಿಯೇ ಹೊಸದಾಗುತ್ತದೆ, ಫೋನು ಬೆಳಿಗ್ಗೆ ಏಳುವಷ್ಟರಲ್ಲಿ ಅಪ್‌ಡೇಟ್ ಆಗಿರುತ್ತದೆ. ಡಬ್ಬಿಯನ್ನು ಮುಟ್ಟಬೇಕಾದರೆ ಯಾರಾದರೂ ಕೂತು ಮುಟ್ಟಬೇಕು. ಅದು ನಡೆದಷ್ಟು ದಿನ ಯಾರೂ ಮುಟ್ಟುವುದಿಲ್ಲ. 2014ರ ಅಕ್ಟೋಬರ್‌ನಲ್ಲಿ ‘ಪೂಡಲ್’ ದೋಷ ಗೊತ್ತಾದಾಗ ಎಸ್‌ಎಸ್‌ಎಲ್ ಮೂರನೆಯ ಆವೃತ್ತಿಯನ್ನು ತೆಗೆದರೆ ಮುಗಿಯಿತು ಎಂದುಕೊಂಡಿದ್ದರು. ಎರಡೇ ತಿಂಗಳಲ್ಲಿ ಎಫ್5, ಎ10 ಕಂಪನಿಗಳ ಲೋಡ್ ಬ್ಯಾಲೆನ್ಸರುಗಳಲ್ಲಿ ಎಸ್‌ಎಸ್‌ಎಲ್ ಜಾಗಕ್ಕೆ ಬಂದ ಹೊಸ ಟಿಎಲ್‌ಎಸ್ ಪದ್ಧತಿಯಲ್ಲೂ ಅದೇ ದೋಷ ಕಂಡಿತು. ಬರುವ ಕಂತೆಯ ಕೊನೆಯ ತುಣುಕನ್ನು ಸರಿಯಾಗಿ ಪರೀಕ್ಷಿಸದ ತಪ್ಪು ಅದು. 2017ರ ಡಿಸೆಂಬರ್‌ನ ‘ರೋಬೋಟ್’ ಇನ್ನೂ ಮಜವಾದದ್ದು. 1998ರಲ್ಲಿ ಬ್ಲೈಕೆನ್‌ಬಾಕರ್ ಎಂಬ ಸಂಶೋಧಕ ತೋರಿಸಿದ್ದ ದಾಳಿಯೇ ಹತ್ತೊಂಬತ್ತು ವರ್ಷದ ನಂತರ ಎಫ್5, ಸಿಟ್ರಿಕ್ಸ್, ರಾಡ್‌ವೇರ್, ಸಿಸ್ಕೋ ಡಬ್ಬಿಗಳಲ್ಲಿ ಮತ್ತೆ ಸಿಕ್ಕಿತು. ಜಗತ್ತಿನ ಮೊದಲ ನೂರು ತಾಣಗಳಲ್ಲಿ 27 ಈ ದೋಷಕ್ಕೆ ಸಿಲುಕಿದ್ದವು, ಫೇಸ್‌ಬುಕ್ ಸಹ. ಸಿಸ್ಕೋದ ಏಸ್ ಎಂಬ ಡಬ್ಬಿಯ ಆಯುಷ್ಯ ಅಷ್ಟರಲ್ಲಿ ಮುಗಿದಿತ್ತು, ಕಂಪನಿ ದುರಸ್ತಿ ಕೊಡಲಿಲ್ಲ. ದೋಷವಿದ್ದ ಪದ್ಧತಿಯನ್ನು ಬಂದ್ ಮಾಡೋಣವೆಂದರೆ ಆ ಡಬ್ಬಿಗೆ ಬೇರೆ ಪದ್ಧತಿ ಬರುತ್ತಲೇ ಇರಲಿಲ್ಲ. ಎತ್ತಿ ಹೊರಗಿಡುವುದೊಂದೇ ದಾರಿ.

ಕೀಲಿಕೈ ಹುಟ್ಟುವ ಗಳಿಗೆಯಲ್ಲೇ ಕೆಟ್ಟಿರುವುದೂ ಉಂಟು. ಆರ್‌ಎಸ್‌ಎ ಪದ್ಧತಿಯ ಕೀಲಿಕೈ ಎಂದರೆ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಗುಣಲಬ್ಧ ಎಲ್ಲರಿಗೂ ಗೊತ್ತು, ಆ ಎರಡು ಸಂಖ್ಯೆ ಗುಟ್ಟು. ಡಬ್ಬಿ ಈ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರೂ ಊಹಿಸಲಾಗದಂತೆ ಆರಿಸಬೇಕು. ಆದರೆ ಪೆಟ್ಟಿಗೆ ಬಿಚ್ಚಿ ಮೊದಲ ಸಲ ಸ್ವಿಚ್ ಒತ್ತಿದಾಗ ಡಬ್ಬಿಗೆ ಊಹಿಸಲಾಗದ್ದು ಏನೂ ಗೊತ್ತಿರುವುದಿಲ್ಲ. ಅದರ ಜೊತೆಗೇ ತಯಾರಾದ ಇನ್ನೊಂದು ಡಬ್ಬಿಗೂ ಅಷ್ಟೇ. ಹೀಗಾಗಿ ಎರಡೂ ಒಂದೇ ಸಂಖ್ಯೆಯನ್ನು ಆರಿಸಿಬಿಡಬಹುದು. ಒಂದರ ಗುಣಲಬ್ಧ 77, ಇನ್ನೊಂದರದು 91 ಎನ್ನಿ. ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನ ಹಾಕಿದರೆ 7 ಬಂತು. ಒಂದು 7 ಗುಣಿಸು 11, ಇನ್ನೊಂದು 7 ಗುಣಿಸು 13. ಒಂದೇ ಲೆಕ್ಕದಲ್ಲಿ ಎರಡೂ ಕೀಲಿ ತೆರೆದವು. ನಿಜವಾದ ಕೀಲಿಕೈಯಲ್ಲಿ ನೂರಾರು ಅಂಕಿಗಳಿರುತ್ತವೆ, ಆದರೂ ಕಂಪ್ಯೂಟರಿಗೆ ಈ ಲೆಕ್ಕ ಸುಲಭ. 2012ರಲ್ಲಿ ಸಂಶೋಧಕರು ಇಡೀ ಇಂಟರ್‌ನೆಟ್ಟಿನ ಸಾರ್ವಜನಿಕ ಕೀಲಿಕೈಗಳನ್ನು ಕೂಡಿಹಾಕಿ ಹೀಗೆ ಲೆಕ್ಕ ಹಾಕಿದಾಗ ಸುಮಾರು 64,000 ಯಂತ್ರಗಳ ಗುಟ್ಟು ಬಯಲಾಯಿತು. ಹೆಚ್ಚಿನವು ರೂಟರು, ಫೈರ್‌ವಾಲ್‌ನಂಥ ಡಬ್ಬಿಗಳೇ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಪ್ರಶ್ನೆ: ನಮ್ಮಂಥ ಸಣ್ಣ ಊರಿನ ಸಣ್ಣ ಕಚೇರಿಯ ಗೊಡವೆ ಯಾರಿಗೆ? ಕಳ್ಳ ಬಸ್ಸು ಹತ್ತಿ ಹುನಗುಂದಕ್ಕೆ ಬರಬೇಕಾಗಿದ್ದರೆ ಈ ಮಾತಿಗೆ ಬೆಲೆಯಿತ್ತು. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ‘ಜಡ್‌ಮ್ಯಾಪ್’ ಎಂಬ ಉಪಕರಣ, ಒಂದೇ ಕಂಪ್ಯೂಟರಿನಿಂದ, ಇಂಟರ್‌ನೆಟ್ಟಿನ ಸುಮಾರು 400 ಕೋಟಿ ವಿಳಾಸಗಳ ಕದವನ್ನು 45 ನಿಮಿಷದೊಳಗೆ ತಟ್ಟಿ ಬರಬಲ್ಲದು. ಅದಕ್ಕೆ ಹುನಗುಂದವೂ ಒಂದೇ, ನ್ಯೂಯಾರ್ಕೂ ಒಂದೇ. ಇನ್ನು ಸಣ್ಣವರು ಎಷ್ಟರಮಟ್ಟಿಗೆ ಒಂಟಿ? 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಗೆ ರಾನ್ಸಮ್‌ವೇರ್, ಅಂದರೆ ಒತ್ತೆಹಣ ಕೇಳುವ ತಂತ್ರಾಂಶದ ದಾಳಿಯಾದಾಗ, ಅದರ ಸೇವೆಯನ್ನು ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕುಗಳು, ಬಹುಪಾಲು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು, ರಾಷ್ಟ್ರೀಯ ಪಾವತಿ ಜಾಲದಿಂದ ಹೊರಗುಳಿಯಬೇಕಾಯಿತು. ಅಲ್ಲಿ ಕೈಕೊಟ್ಟದ್ದು ಎನ್‌ಕ್ರಿಪ್ಷನ್ ಅಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಒಬ್ಬರ ಅಗಸಿ ಬಿದ್ದರೆ ಮುನ್ನೂರು ಊರಿಗೆ ಬಿಸಿ ತಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಮಗ್ಗುಲಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಅದೇ ಪರಂಪರೆಯ 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಗಣಕೀಕರಿಸಿ ಒಂದೇ ಜಾಲಕ್ಕೆ ಕೂಡಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಂಪು ವಹಿಯಲ್ಲಿದ್ದ ಸಾಲದ ಲೆಕ್ಕ ತಂತಿಯ ಮೇಲೆ ಹರಿಯುವ ಕಾಲದಲ್ಲಿ ‘ನಾವು ಸಣ್ಣವರು’ ಎನ್ನುವುದು ರಕ್ಷಣೆಯಾಗದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಿಜವಾದ ಕಳ್ಳತನ ನಡೆಯುವುದು ಫೋನಿನಲ್ಲಿ ಒಟಿಪಿ ಕೇಳಿ, ಸುಳ್ಳು ಲಿಂಕು ಕಳಿಸಿ, ಕದ್ದ ಪಾಸ್‌ವರ್ಡಿನಿಂದ. ಗೂಢಲಿಪಿ ಒಡೆಯುತ್ತ ಕೂರುವ ಕಳ್ಳ ಎಲ್ಲಿದ್ದಾನೆ ಎಂದು. ಈ ಮಾತು ಬಹುಮಟ್ಟಿಗೆ ನಿಜ. ಹಳೆಯ ಟ್ರಿಪಲ್-ಡಿಇಎಸ್ ಪದ್ಧತಿಯ ಮೇಲೆ 2016ರಲ್ಲಿ ತೋರಿಸಿದ ‘ಸ್ವೀಟ್32’ ದಾಳಿಗೆ ಒಂದೇ ಸಂಪರ್ಕದಲ್ಲಿ 785 ಗಿಗಾಬೈಟ್ ಮಾಹಿತಿ ಹಿಡಿಯಬೇಕಾಯಿತು. ಇಳಕಲ್ಲಿನ ಒಂದು ಶಾಖೆಯ ಮೇಲೆ ಯಾರೂ ಅಷ್ಟು ಶ್ರಮ ಪಡಲಿಕ್ಕಿಲ್ಲ. ಆದರೂ ಆಕ್ಷೇಪ ಪೂರ್ತಿ ಗೆಲ್ಲುವುದಿಲ್ಲ. ವಿಪಿಎನ್‌ನಲ್ಲಿ ಹಾಯ್ದ ಮಾತನ್ನು ಇವತ್ತು ಹಿಡಿದಿಟ್ಟುಕೊಂಡು, ಒಡೆಯುವುದು ಅಗ್ಗವಾದ ದಿನ ಒಡೆಯಬಹುದು. ಆಧಾರ್ ಸಂಖ್ಯೆ, ಆಸ್ಪತ್ರೆಯ ವರದಿ, ಜಮೀನಿನ ದಾಖಲೆ ಹತ್ತು ವರ್ಷಕ್ಕೆ ಹಳಸುವ ಸರಕಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 2021ರ ಮಾರ್ಚ್‌ನಲ್ಲೇ ಇಂಟರ್‌ನೆಟ್ಟಿನ ಮಾನಕ ಮಂಡಳಿ ಅಧಿಕೃತವಾಗಿ ಕೈಬಿಟ್ಟ ಟಿಎಲ್‌ಎಸ್ 1.0, 1.1 ಆವೃತ್ತಿಗಳಿಗೆ ಈಗಲೂ ಬಾಗಿಲು ತೆಗೆಯುವ ಡಬ್ಬಿ, ತನ್ನನ್ನು ವರ್ಷಗಟ್ಟಲೆ ಯಾರೂ ನೋಡಿಲ್ಲವೆಂದು ಹೊರಗಿನವರಿಗೆ ಸಾರಿ ಹೇಳುತ್ತದೆ. ಹುಲ್ಲು ಬೆಳೆದ ಅಂಗಳ ನೋಡಿ ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳ ಅಂದಾಜು ಮಾಡುತ್ತಾನಲ್ಲ, ಹಾಗೆ. ಗೂಢಲಿಪಿ ಒಡೆಯಲು ಅವನು ಕೂರಲಿಕ್ಕಿಲ್ಲ. ಅದೇ ಡಬ್ಬಿಯಲ್ಲಿ ದುರಸ್ತಿಯಾಗದೆ ಉಳಿದ ಬೇರೆ ಕಂಡಿ ಹುಡುಕುತ್ತಾನೆ, ಸಿಗುತ್ತದೆ ಕೂಡ.

‘ನಡೆಯುತ್ತಿರುವುದನ್ನು ಯಾಕೆ ಕೆದಕಬೇಕು’ ಎಂಬುದು ಮೂರನೆಯದು. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟೂ ಏಳು ದಶಕ ನಡೆದಿತ್ತು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಇದರ ಮೇಲೆ ಹೆಚ್ಚು ಬರೆಯಬೇಕಿಲ್ಲ.

ಹಳೆಯ ಯಂತ್ರಗಳ ಪಾಡೇನು ಎಂಬ ಪ್ರಶ್ನೆಗೆ ಮಾತ್ರ ತಾಳ್ಮೆಯಿಂದ ಉತ್ತರಿಸಬೇಕು, ಯಾಕೆಂದರೆ ಗೊತ್ತಿದ್ದೂ ಹಳೆಯ ಕೀಲಿಯನ್ನು ಉಳಿಸಿಕೊಳ್ಳುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಕೌಂಟರಿನ ಹಿಂದೆ ವಿಂಡೋಸ್ 7ರ ಕಂಪ್ಯೂಟರಿದೆ, ಬೆರಳಚ್ಚಿನ ಹಾಜರಿ ಯಂತ್ರವಿದೆ, ಹತ್ತು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಲೆಕ್ಕದ ತಂತ್ರಾಂಶವಿದೆ. ಹಳೆಯ ಪದ್ಧತಿ ಬಂದ್ ಮಾಡಿದರೆ ಸೋಮವಾರ ಬೆಳಿಗ್ಗೆ ಸರದಿ ನಿಂತ ಜನರಿಗೆ ಉತ್ತರ ಹೇಳುವವರು ಯಾರು? ಭಯ ಸುಳ್ಳಲ್ಲ, ಆದರೆ ಅಳತೆಯಿಲ್ಲದ ಭಯ. ಪ್ರತಿ ಸಂಪರ್ಕ ಯಾವ ಪದ್ಧತಿಯಲ್ಲಿ ನಡೆಯಿತೆಂದು ಬರೆದಿಡುವ ಸೌಲಭ್ಯ ಸಾಮಾನ್ಯವಾಗಿ ಡಬ್ಬಿಯಲ್ಲೇ ಇರುತ್ತದೆ. ಒಂದು ತಿಂಗಳು ಅದನ್ನು ಚಾಲೂ ಇಟ್ಟು ಎಣಿಸಿದರೆ ಹಳೆಯದನ್ನು ನಿಜವಾಗಿ ಬಳಸುತ್ತಿರುವ ಯಂತ್ರಗಳ ಯಾದಿ ಸಿಗುತ್ತದೆ. ಆ ಯಾದಿ ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ವಿಂಡೋಸ್ 7ಕ್ಕೂ ಟಿಎಲ್‌ಎಸ್ 1.2 ಬರುತ್ತದೆ, ಅದನ್ನು ಆನ್ ಮಾಡಿರುವುದಿಲ್ಲ, ಅಷ್ಟೇ. ಉಳಿದ ಒಂದೆರಡು ಮೊಂಡು ಯಂತ್ರಗಳನ್ನು ಪ್ರತ್ಯೇಕ ಜಾಲದಲ್ಲಿ, ಇಂಟರ್‌ನೆಟ್ಟಿನ ಮುಖ ಕಾಣದಂತೆ ಕೂರಿಸಿ, ಬದಲಿಸುವ ತಾರೀಖು ಬರೆದಿಡಬೇಕು. ಒಂದು ಮುದಿ ಯಂತ್ರಕ್ಕಾಗಿ ಊರ ಅಗಸಿಯನ್ನೇ ತೆರೆದಿಡುವುದು ಕರುಣೆಯಲ್ಲ, ಸೋಮಾರಿತನ.

ದುರಸ್ತಿಯ ಕೆಲಸಕ್ಕೆ ದುಡ್ಡಿಗಿಂತ ಲಕ್ಷ್ಯ ಹೆಚ್ಚು ಬೇಕು. ಮೊದಲು ಎಷ್ಟು ಬಾಗಿಲುಗಳಿವೆ ಎಂದು ಎಣಿಸುವುದು. ಗ್ರಾಹಕರು ಬರುವ ಬಾಗಿಲು ಎಲ್ಲರಿಗೂ ನೆನಪಿರುತ್ತದೆ. ಡಬ್ಬಿಯನ್ನು ನಿರ್ವಹಿಸುವವರು ಲಾಗಿನ್ ಆಗುವ ಹಿತ್ತಲ ಬಾಗಿಲು ಮರೆತುಹೋಗಿರುತ್ತದೆ, ಅದು ಹೊರಲೋಕಕ್ಕೆ ಕಾಣಲೇಬಾರದು. ಆಮೇಲೆ ಡಬ್ಬಿಯ ತಂತ್ರಾಂಶವನ್ನು ಕಂಪನಿ ಕೊಟ್ಟ ಹೊಸ ಆವೃತ್ತಿಗೆ ಏರಿಸಿ, ಕನಿಷ್ಠ ಆವೃತ್ತಿ ಟಿಎಲ್‌ಎಸ್ 1.2 ಎಂದು ಗೊತ್ತುಮಾಡಿ, 2018ರ 1.3 ಇದ್ದರೆ ಅದನ್ನು ಮುಂದಿಟ್ಟು, ಆರ್‌ಸಿ4, ಟ್ರಿಪಲ್-ಡಿಇಎಸ್, ರಫ್ತು ದರ್ಜೆಯಂಥ ಹಳೆಯ ಪದ್ಧತಿಗಳೆಲ್ಲವನ್ನೂ ಯಾದಿಯಿಂದ ಅಳಿಸುವುದು. ವಿಪಿಎನ್‌ಗೂ ಇದೇ ನ್ಯಾಯ. 1024 ಬಿಟ್‌ನ ಆ ಅವಿಭಾಜ್ಯ ಸಂಖ್ಯೆಗೆ ವಿದಾಯ ಹೇಳಬೇಕು. ಕೊನೆಗೆ ಹೊರಗಿನಿಂದ ಪರೀಕ್ಷೆ: ಒಳಗೆ ಕೂತು ‘ಹಾಕಿದ್ದೇವೆ’ ಎಂದರೆ ಸಾಲದು, ಅಗಸಿಯ ಆಚೆ ನಿಂತು ದೂಡಿ ನೋಡಬೇಕು. ಇಲ್ಲಿ ಹೆಚ್ಚಿನವರು ಜಾರುವ ಜಾಗ ಒಂದಿದೆ. 2023ರ ಅಕ್ಟೋಬರ್ 10ರಂದು ಸಿಟ್ರಿಕ್ಸ್ ತನ್ನ ಗೇಟ್‌ವೇ ದೋಷವೊಂದಕ್ಕೆ ದುರಸ್ತಿ ಕೊಟ್ಟಿತು. ‘ಸಿಟ್ರಿಕ್ಸ್ ಬ್ಲೀಡ್’ ಎಂದು ಅದಕ್ಕೆ ಹೆಸರು ಬಂತು. ಆಗಸ್ಟ್‌ನಿಂದಲೇ ದಾಳಿಕೋರರು ಒಳಗಿದ್ದವರ ಗುರುತಿನ ಚೀಟಿಗಳನ್ನು ಆ ದೋಷದ ಮೂಲಕ ಕದಿಯುತ್ತಿದ್ದರು. ದುರಸ್ತಿ ಹಾಕಿ ನಿಟ್ಟುಸಿರು ಬಿಟ್ಟವರು, ಕದ್ದ ಚೀಟಿಗಳು ಇನ್ನೂ ನಡೆಯುತ್ತವೆಂದು ಗಮನಿಸಲಿಲ್ಲ. ಎಲ್ಲ ಸಂಪರ್ಕಗಳನ್ನೂ ಕಡಿದು ಹೊಸದಾಗಿ ಲಾಗಿನ್ ಮಾಡಿಸಬೇಕಿತ್ತು. ಕೀಲಿಕೈಯೇ ಕಳುವಾಗಿರಬಹುದೆಂಬ ಸಂಶಯವಿದ್ದರೆ ಕೀಲಿಕೈಯನ್ನೂ ಹೊಸದಾಗಿ ಹುಟ್ಟಿಸಿ, ಆ ಕೀಲಿಕೈ ನಮ್ಮದೇ ಎಂದು ಸಾರುವ ಹಳೆಯ ಪ್ರಮಾಣಪತ್ರ ರದ್ದು ಮಾಡಿಸಬೇಕು.

ಕಾನೂನಿನ ಕೊರತೆ ಇಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2018ರ ಅಕ್ಟೋಬರ್‌ನಲ್ಲಿ ಮೂಲಭೂತ ಸೈಬರ್ ಸುರಕ್ಷತೆಯ ಚೌಕಟ್ಟು ಕೊಟ್ಟಿತು, 2019ರ ಕೊನೆಯಲ್ಲಿ ಬ್ಯಾಂಕಿನ ಸ್ವರೂಪಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿತು. ಸೈಬರ್ ಘಟನೆಯನ್ನು 6 ತಾಸಿನೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಬ್ಯಾಂಕುಗಳೆಲ್ಲ ತಮ್ಮ ತಾಣವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಸಾಗಿಸಬೇಕೆಂದೂ ರಿಸರ್ವ್ ಬ್ಯಾಂಕು ಹೇಳಿತ್ತು. ಮನೆ ಬದಲಿಸುವಾಗ ಹಳೆಯ ಸಾಮಾನು ಎಸೆಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಇರಲಿಲ್ಲ. ಫಲಕವನ್ನಷ್ಟೇ ಬದಲಿಸಿ ಕೀಲಿ ಹಳೆಯದೇ ಉಳಿಸಿಕೊಂಡವರು ಅದನ್ನು ಕಳೆದುಕೊಂಡರು. ತಾಣಗಳ ಪ್ರಮಾಣಪತ್ರದ ಆಯುಷ್ಯವೂ ಇಳಿಯುತ್ತಿದೆ: 398 ದಿನವಿದ್ದದ್ದು 2026ರ ಮಾರ್ಚ್‌ನಿಂದ 200 ದಿನ, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬಂದು ನೋಡಿಹೋಗುವ ಗುತ್ತಿಗೆದಾರನ ಭರವಸೆಯ ಮೇಲೆ ನಡೆಯುವ ಡಬ್ಬಿ ಆ ವೇಗಕ್ಕೆ ತಾಳದು. 1963ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಬಾಗಲಕೋಟೆಯಲ್ಲಿ ಈ ಕೆಲಸ ಬಲ್ಲ ಹುಡುಗ-ಹುಡುಗಿಯರು ಸಿಗಲಾರರು ಎನ್ನುವ ಮಾತನ್ನು ನಾನಂತೂ ಒಪ್ಪಲಾರೆ.

ಇದರಲ್ಲಿ ಓದುಗರಿಗೂ ಒಂದು ಕೆಲಸವಿದೆ. ನೀವು ಯಾವುದಾದರೂ ಸಹಕಾರಿ ಬ್ಯಾಂಕಿನ ಷೇರುದಾರರಾಗಿದ್ದರೆ ವಾರ್ಷಿಕ ಸಾಮಾನ್ಯ ಸಭೆಯ ನೋಟಿಸು ಮನೆಗೆ ಬರುತ್ತದೆ. ಈ ಸಲ ಹೋಗಿ, ಲಾಭಾಂಶದ ಮಾತು ಮುಗಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮ ಗೇಟ್‌ವೇ ಒಪ್ಪುವ ಅತ್ಯಂತ ಹಳೆಯ ಟಿಎಲ್‌ಎಸ್ ಆವೃತ್ತಿ ಯಾವುದು? 1.2 ಎಂದರೆ ಕೂತುಕೊಳ್ಳಿ. ಅದಕ್ಕಿಂತ ಕೆಳಗಿನದನ್ನು ಹೇಳಿದರೆ, ಅದನ್ನು ತೆಗೆಯುವ ತಾರೀಖನ್ನು ಠರಾವಿನಲ್ಲಿ ಬರೆಸಿಯೇ ಕೂತುಕೊಳ್ಳಿ.